ಖಾಲಿ ಬಾಯಿಯ ಜಗಿತ

"ಡಾಕ್ಟ್ರೇ, ನನ್ನ ಮೈದುನನ್ನ ಪೊಲೀಸಿಗೆ ಹಿಡಿದು ಕೊಡ್ಬೇಕು!"

ಟೈಲರನ ಹೆಂಡತಿ ಕೂರುವ ಮೊದಲೇ ಹೀಗೆಂದಾಗ ನರ್ಸಿನ ಕಿವಿ ನೆಟ್ಟಗಾಯಿತು. ನರರೋಗದ ಡಾಕ್ಟರಮ್ಮನ ಜೊತೆ ಅವಳು ಇಷ್ಟು ವರ್ಷ ಉಳಿದಿದ್ದೇ ಇಂಥ ಕೇಸುಗಳ ಆಸೆಗೆ.

"ಮೊನ್ನೆ ಮೊನ್ನೆವರೆಗೂ ಕೋಟು ಹೊಲೀತಿದ್ದ ನಮ್ಮನೆಯವರು ಈಗ ತೋಳು ಯಾವುದು, ಕಾಲರ್ ಯಾವುದು ಅಂತಾರೆ. ನಿನ್ನೆ ನನ್ನನ್ನೇ 'ಯಾರಮ್ಮ ನೀವು' ಅಂದ್ರು. ಅಂಗಡಿ ಹೊಡ್ಕೊಳ್ಳೋಕೆ ಇವನು ಏನೋ ತಿನ್ನಿಸ್ತಿದಾನೆ. ನಿದ್ದೇಲೂ ಜಗೀತಾನೇ ಇರ್ತಾರೆ! ಬಾಯಿ ತೆರೆಸಿದ್ರೆ ಏನೂ ಇರಲ್ಲ."

"ಅತ್ತಿಗೇ, ನಾನು ಯಾರಿಗೂ ಒಂದು ಟೀ ಕೊಡಿಸಿದೋನಲ್ಲ. ವಿಷಕ್ಕೆ ದುಡ್ಡು ಹಾಕ್ತೀನಾ?" ಎಂದ ಹಿಂದೆಯೇ ಒಳಬಂದಿದ್ದ ಮೈದುನ.

ಟೈಲರ್ ಸುಮ್ಮನೆ ಕೂತು ಜಗಿಯುತ್ತಿದ್ದ. ಡಾಕ್ಟರಮ್ಮ ಅವನ ಪ್ಯಾಂಟಿನ ಸೊಂಟಪಟ್ಟಿ ಮಗುಚಿ ನೋಡಿದರು. ಒಂದರ ಪಕ್ಕ ಒಂದು ಹೊಲಿಗೆ.

"ಬಿಗಿ ಮಾಡಿದ್ದು ಯಾರು?"

"ಅವರೇ. ವರ್ಷಗಳಿಂದ ಕೀಲುನೋವು, ಹೊಟ್ಟೆ ಕೆಡೋದು. ಮೈ ಇಳೀತಾನೇ ಬಂದ್ರು."

"ಸಿಸ್ಟರ್, ಅವರ ಕಣ್ಣು ಸರಿದಾಗಲೆಲ್ಲ ನೀನು ಬೆರಳಲ್ಲಿ ಮೇಜು ಬಡಿ. ದವಡೆ ಆಡಿದಾಗಲೆಲ್ಲ ನಾನು ಬಡೀತೀನಿ."

ಟೈಲರನ ಕಣ್ಣುಗುಡ್ಡೆಗಳು ಮೆಲ್ಲಗೆ ಮೂಗಿನತ್ತ ಸರಿದು ಮತ್ತೆ ಅಗಲವಾಗುತ್ತಿದ್ದವು. ಇಬ್ಬರೂ ಬಡಿದರು. ಎರಡು ಬೆರಳು, ಒಂದೇ ಸದ್ದು!

ಬೆನ್ನುಹುರಿಯ ದ್ರವದ ಮತ್ತು ಕರುಳಿನ ಪರೀಕ್ಷೆಗಳ ವರದಿ ಬಂದ ದಿನ ಡಾಕ್ಟರಮ್ಮ ಎಲ್ಲರನ್ನೂ ಕೂರಿಸಿಕೊಂಡರು.

"ನಿದ್ದೇಲಿರೋರಿಗೆ ತಿನ್ನಿಸೋಕಾಗುತ್ತಾ? ಅಂದ್ಮೇಲೆ ಬಾಯಿ ಖಾಲಿ. ದವಡೆ, ಕಣ್ಣು ಒಂದೇ ತಾಳದಲ್ಲಿದ್ವು. ಅಂದ್ರೆ ಆಡಿಸ್ತಿದ್ದಿದ್ದು ಮಿದುಳು. ಈ ತಾಳ ಹಾಕೋ ಕಳ್ಳ ಒಬ್ಬನೇ: ವಿಪಲ್ ಕಾಯಿಲೆ. ತೀರಾ ಅಪರೂಪದ ಬ್ಯಾಕ್ಟೀರಿಯಾ ಸೋಂಕು. ಮೊದಲು ಕೀಲು ಹಿಡೀತು, ಆಮೇಲೆ ಕರುಳು. ಅದಕ್ಕೇ ಸೊಂಟ ಸಣ್ಣಗಾಯ್ತು. ಕೊನೆಗೆ ಮಿದುಳಿಗೇ ನುಗ್ಗಿ ನೆನಪಿಗೆ ಕೈ ಹಾಕ್ತು. ವರದಿಯಲ್ಲೂ ಸಿಕ್ಕಿಬಿದ್ದಿದೆ."

"ವಾಸಿಯಾಗುತ್ತಾ?" ಹೆಂಡತಿಯ ದನಿ ಸಣ್ಣಗಾಗಿತ್ತು.

"ಔಷಧಿ ಇದೆ. ಮೊದಲು ಇಂಜೆಕ್ಷನ್, ಆಮೇಲೆ ತುಂಬಾ ದಿನ ಮಾತ್ರೆ. ಕಳೆದಿದ್ದೆಲ್ಲ ವಾಪಸ್ ಬರುತ್ತೆ ಅಂತ ಹೇಳಲಾರೆ. ಆದ್ರೆ ಇನ್ನು ಕಳೆಯೋಕೆ ಬಿಡಲ್ಲ."

ಅವಳು ಮೈದುನನ ಕಡೆ ತಿರುಗಲು ನಾಚಿದಳು. ಅವನೇ, "ಬಿಡಿ ಅತ್ತಿಗೆ, ಪೊಲೀಸರಿಗೆ ಬೇರೆ ಕೆಲ್ಸ ಇದೆ" ಎಂದ.

ತಿಂಗಳುಗಳು ಕಳೆದ ಮೇಲೆ ಟೈಲರ್ ಕುತ್ತಿಗೆಗೆ ಟೇಪು ಹಾಕಿಕೊಂಡೇ ಬಂದ. ಸೊಂಟದ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದನಂತೆ. ಆದರೆ ನರ್ಸಿನ ಕಣ್ಣಿಗೆ ಬಿದ್ದಿದ್ದೇ ಬೇರೆ: ದವಡೆ ಆಡುತ್ತಿದೆ! ಅವಸರವಾಗಿ ಕಣ್ಣು ನೋಡಿದಳು. ಎರಡೂ ನೆಟ್ಟಗೆ, ನಗುತ್ತಾ ನಿಂತಿದ್ದವು.

"ಬಾಯಲ್ಲೇನಿದೆ?"

"ಪೆಪ್ಪರ್‌ಮಿಂಟು ಸಿಸ್ಟರ್. ತಮ್ಮ ಕೊಡಿಸಿದ."

"ಅದೂ ಸ್ವಂತ ದುಡ್ಡಲ್ಲಿ!" ಎಂದಳು ಹೆಂಡತಿ.

ಡಾಕ್ಟರಮ್ಮ ಕನ್ನಡಕ ತೆಗೆದರು. "ಸಿಸ್ಟರ್, ಆ ತಮ್ಮನನ್ನ ಒಳಗೆ ಕರಿ. ಈಗ ಪರೀಕ್ಷೆ ಮಾಡ್ಬೇಕಾಗಿರೋದು ಅವನನ್ನ."