ತಾತನ ಪೇಟ ಕೇಳಿ ಬಂದವನು

ಬಸ್ಸು ಕೊಳ್ಳೇಗಾಲದ ನಿಲ್ದಾಣಕ್ಕೆ ತಿರುಗುವ ಮುನ್ನ ಭವ್ಯಶ್ರೀಯ ಕಣ್ಣು ಮೂಲೆಯ ಗಡಿಯಾರದಂಗಡಿಯತ್ತ ಹೋಗಲೇಬೇಕು. ಗಂಟೆ ನೋಡಲಿಕ್ಕಲ್ಲ. ಅಂಗಡಿಯ ಶಾಂತಮೂರ್ತಿ ಇವತ್ತು ಯಾವ ಟೋಪಿ ಹಾಕಿದ್ದಾನೆಂದು ನೋಡಲಿಕ್ಕೆ.

ಒಂದು ದಿನ ಬ್ರಿಟಿಷ್ ದೊರೆಗಳ ಕಾಲದ ಬೆಂಡಿನ ಹ್ಯಾಟು. ಇನ್ನೊಂದು ದಿನ ಯಾರೋ ಶಾನುಭೋಗರ ಕರಿಟೋಪಿ. ಮತ್ತೊಂದು ದಿನ ಒಡೆಯರಪಾಳ್ಯದ ಟಿಬೆಟನ್ ಶಿಬಿರದ ಅಜ್ಜನೊಬ್ಬನ ಅಗಲ ಅಂಚಿನದು. ಎಲ್ಲವೂ ತೀರಿಹೋದವರ ಮನೆಗಳಿಂದ ಕೇಳಿ ತಂದವು. ಜೊತೆಗೆ ಜೇಬಿನಿಂದ ಇಳಿಬಿದ್ದ ಗಡಿಯಾರದ ಸರಪಣಿ. ಅವಳ ಜೊತೆ ಟೈಪಿಂಗ್ ಕ್ಲಾಸಿಗೆ ಹೋಗುವ ಹುಡುಗಿಯರು ಮುಸಿಮುಸಿ ನಗುತ್ತಿದ್ದರು. ಭವ್ಯಶ್ರೀಗೆ ನಗುವಿಗಿಂತ ಕುತೂಹಲ. ಸತ್ತವರ ಟೋಪಿಗಳನ್ನು ಈತ ಯಾಕಿಷ್ಟು ಅಕ್ಕರೆಯಿಂದ ಹೊರುತ್ತಾನೆ?

ಒಂದು ಭಾನುವಾರ ಅವನೇ ಕಾಮಗೆರೆಯ ಅವಳ ಮನೆಯ ಜಗುಲಿ ಹತ್ತಿ ಬಂದ. ಅಪ್ಪ ಪುಟ್ಟಮಲ್ಲಪ್ಪ ರಿಪೇರಿಗೆ ಕೊಟ್ಟಿದ್ದ ತಾತನ ಜೇಬುಗಡಿಯಾರ ಕೈಯಲ್ಲಿತ್ತು.

"ಅಜ್ಜೀ, ಗಡಿಯಾರ ಓಡ್ತಾದೆ. ಇನ್ನೊಂದ್ ಆಸೆ ಇಟ್ಕಂಡು ಬಂದಿವ್ನಿ. ನಿಮ್ಮಗ ಅಂಗ್ಡೀಲಿ ಹೇಳ್ತಿದ್ರಲ್ಲ, ನಿಮ್ಮನೆ ತಾತನ ಪೇಟ, ಅದು ನಂಗೆ ಬೇಕು."

ದೊಡ್ಡಬಸಮ್ಮಜ್ಜಿ ಅಡಿಕೆ ಕುಟ್ಟುವುದನ್ನು ನಿಲ್ಲಿಸಿದಳು. ಬಾಗಿಲ ಸಂದಿಯಿಂದ ಭವ್ಯಶ್ರೀ ಇಣುಕಿದಳು. ದೇವರಗೂಡಿನ ಪಕ್ಕದ ಪೆಟ್ಟಿಗೆಯಲ್ಲಿರುವ ತಾತನ ಜರಿಪೇಟ ಹೊರಗೆ ಬರುವುದು ಮನೆಮಗಳ ಮದುವೆಯಲ್ಲಿ, ಅಳಿಯನ ತಲೆಗೆ. ಆ ಮನೆಯಲ್ಲಿ ಪೇಟ ಕೇಳಿದರೆ ಹೆಣ್ಣು ಕೇಳಿದಂತೆ.

"ಇಂಥದ್ಕೆ ಹಿರೀಕ್ರು ಬರ್ಬೇಕು ಕಣಪ್ಪಾ. ಒಬ್ನೇ ಬಂದ್ಬುಟ್ಟಿದ್ದೀಯಲ್ಲ!" ಎಂದು ಅಜ್ಜಿ ಅವನನ್ನು ಅಡಿಯಿಂದ ಮುಡಿತನಕ ಅಳೆದಳು. "ಲೇ ಪುಟ್ಟಮಲ್ಲ, ಹೈದ ಧೈರ್ಯಸ್ಥ ಕಣ್ಲಾ. ಭವ್ಯಾ, ಹೂ ಮುಡ್ಕಂಡು ಕಾಫಿ ತಕಂಡ್ಬಾ."

ಕಾಫಿ ಬಂತು. ಹಿರಿಯರು ಬೇಕೆಂದೇ ಹಿತ್ತಿಲಿಗೆ ಸರಿದರು. ಶಾಂತಮೂರ್ತಿ ಅವಳ ಹೂವನ್ನೊಮ್ಮೆ, ಲೋಟವನ್ನೊಮ್ಮೆ ನೋಡಿ, "ಪೇಟ ಎಲ್ಲದೆ?" ಎಂದ, ಪಾಪ.

ಅವಳಿಗೆ ಅರ್ಥವಾಯಿತು. ಇವನಿಗೇನೂ ಗೊತ್ತಿಲ್ಲ. ಸುಮ್ಮನಿದ್ದರೆ ಸಾಕು, ಅಜ್ಜಿಯೇ ಎಲ್ಲ ಮುಗಿಸಿಬಿಡುತ್ತಾಳೆ. ಆದರೆ ದೇವರಗೂಡಿನ ದೀಪ ಅವಳನ್ನೇ ನೋಡುತ್ತಿತ್ತು. ಮೋಸದಿಂದ ಬಂದದ್ದು ಶಿವ ಕೊಟ್ಟದ್ದಾದೀತೇ?

ಆ ಮನೆಯಲ್ಲಿ ಪೇಟ ಕೇಳುವುದರ ಅರ್ಥವೇನೆಂದು ಹೇಳಿಬಿಟ್ಟಳು. "ಇನ್ನೊಂದದೆ. ಆ ಪೇಟ ಸುತ್ತಿಸ್ಕಳೋನು ಮದ್ವೆಗಂಟ ತಲೆಗೆ ಬ್ಯಾರೆ ಏನೂ ಇಡಂಗಿಲ್ಲ. ನಿಮ್ಕೈಲಿ ಆಗದ ಮಾತು" ಎಂದು ನಗಲು ನೋಡಿದಳು.

ಅವನು ಲೋಟ ಕೆಳಗಿಟ್ಟ. "ತಪ್ಪಾಯ್ತು ಕಣ್ರಿ."

"ಓಗ್ಲಿ ಬಿಡಿ. ನಂಗೊಂದ್ ಹೇಳಿ, ಸತ್ತೋರ ಟೋಪಿ ನಿಮಗ್ಯಾಕೆ?"

ಅವನು ಕರಿಟೋಪಿ ತೆಗೆದು ಒಳಗು ಕಾಣುವಂತೆ ಮಗುಚಿ ಹಿಡಿದ. ಒಳಗಿನ ಪಟ್ಟಿಯಲ್ಲಿ ಎಣ್ಣೆಯ ಕಲೆ, ಬೆವರಿನ ಗೆರೆ. "ಮೇಲ್ಗಡೆದು ಊರಿಗೆ. ಒಳಗ್ ನೋಡಿ, ಮನುಷ್ಯ ಇಲ್ಲೇ ಉಳ್ಕಂಡವ್ನೆ. ಬೀದೀಗೆ ಬಿಸಾಕಕ್ಕಾಯ್ತದಾ?"

ಭವ್ಯಶ್ರೀ ಪೆಟ್ಟಿಗೆ ತೆರೆದಳು. ಪೇಟದ ಒಳ ಅಂಚಿನಲ್ಲಿ ತಾತನ ಹಣೆಯ ವಿಭೂತಿ ಇನ್ನೂ ಬೆಳ್ಳಗೆ ಅಂಟಿಕೊಂಡಿತ್ತು. ಇಷ್ಟು ವರ್ಷ ಅವಳು ಅದನ್ನು ಕಂಡೇ ಇರಲಿಲ್ಲ.

ಅವನು ಮುಟ್ಟಲಿಲ್ಲ, ಕೈಮುಗಿದ. ಆಮೇಲೆ ಟೋಪಿ ಹಾಕಿಕೊಂಡು ಬಸ್ಸಿಗೆ ಹೊರಟೇಹೋದ.

ನಡೆದದ್ದು ಕೇಳಿ ಅಜ್ಜಿ ತಲೆ ಚಚ್ಚಿಕೊಂಡಳು. "ಬಾಗ್ಲಿಗೆ ಬಂದ ಭಾಗ್ಯಾನ ಕಳಿಸ್ಬುಟ್ಟಲ್ಲೇ, ಮಂಕೇ!"

ಸೋಮವಾರ ಬಸ್ಸು ತಿರುಗುವಾಗ ಭವ್ಯಶ್ರೀ ತಲೆ ತಗ್ಗಿಸಿ ಕೂತಿದ್ದಳು. ಅವನ ತಲೆಯ ಮೇಲೆ ಟೋಪಿ ಕಂಡರೆ ಒಲ್ಲೆನೆಂಬ ಉತ್ತರ ಸಿಕ್ಕಂತೆ. ಪಕ್ಕದ ಹುಡುಗಿ ತಿವಿದಳು. "ಲೇ ಭವ್ಯಾ, ಏನಾಯ್ತೇ ನಿನ್ನ ಹ್ಯಾಟಿನವನಿಗೆ?"

ಕಣ್ಣೆತ್ತಿದಳು. ಎಣ್ಣೆ ಹಚ್ಚಿ ಬಾಚಿದ ಬರಿದಲೆಯಲ್ಲಿ, ಬೀದಿಯವರ ನಗುವಿನ ನಡುವೆ, ಶಾಂತಮೂರ್ತಿ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದ. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕಿಟಕಿಗಳನ್ನು ಹುಡುಕುತ್ತಿದ್ದ.

ಅವಳು ಇಳಿದು ಹತ್ತಿರ ಹೋದಳು. "ಟೋಪಿ ಎಲ್ಲಿ?"

"ನಿಮ್ಮನೆ ಪೆಟ್ಟಿಗೇಲದೆ," ಎಂದ. "ಗುರುವಾರ ನಮ್ಮಪ್ಪಾಜಿನ ಕರ್ಕಂಡು ಕೇಳಕ್ ಬತ್ತೀನಿ."