ಮಧುವಿನ ಮೈಯ ಸತು

“ಈ ಹುಡುಗನಿಗೆ ಔಷಧಿ ಬೇಡ. ಎಲ್ಲರಿಗಿಂತ ಇವನದ್ದೇ ಜಾಸ್ತಿ ಬಂದಿದೆ,” ಎಂದ ಕಂಪೌಂಡರ್ ರಘುಪತಿ.

ಮುರಿಗೆವ್ವ ಗಾಬರಿಯಿಂದ ಮುಂದೆ ಬಂದಳು. ಅವಳ ತಮ್ಮ ಮಧು ಮಾತ್ರ ಪರೀಕ್ಷೆಯಲ್ಲಿ ಫಸ್ಟ್ ಬಂದವನ ಹಾಗೆ ಬೀಗುತ್ತ ನಿಂತಿದ್ದ. ಎಂಟು ವರ್ಷದ ಪೋರ, ನೋಡಿದರೆ ಐದರವನು! ತಾಟಿನ ಮುಂದೆ ಕೂತರೆ ಎರಡೇ ತುತ್ತಿಗೆ ‘ಸಾಕು’. ಅವ್ವನ ಹಾಲೇ ಸರಿ ಇರಲಿಲ್ಲ ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಔಷಧಿ ಸಿಕ್ಕರೆ ತಮ್ಮ ಬೆಳೆದಾನು ಎಂದು ಮುರಿಗೆವ್ವ ಎಷ್ಟು ಆಸೆಪಟ್ಟಿದ್ದಳು!

ಬನವಾಸಿ ಹತ್ತಿರದ ಅವರ ಶಾಲೆಗೆ ಹೋದ ತಿಂಗಳು ಕಮಲಾಕರ ಡಾಕ್ಟರು ಸಿರ್ಸಿಯಿಂದ ಜೀಪಿನಲ್ಲಿ ಬಂದಿದ್ದರು. ಮೈ ಬೆಳೆಯಲು ಸತು ಎಂಬ ಲೋಹ ಚೂರೇ ಚೂರು ಬೇಕಂತೆ. ಅದು ಊಟದಿಂದ ಬರುತ್ತದಂತೆ. ಸಾಕಷ್ಟು ಬಂದಿದೆಯೋ ಇಲ್ಲವೋ ಎಂದು ಉಚ್ಚೆ ನೋಡಿ ಅಂದಾಜು ಮಾಡಬಹುದಂತೆ! ಉಚ್ಚೆ ಎಂದದ್ದೇ ತಡ, ಮಕ್ಕಳೆಲ್ಲ ಕಿಸಿಕಿಸಿ ನಕ್ಕಿದ್ದರು. ಡಾಕ್ಟರೂ ನಗುತ್ತಲೇ ಒಬ್ಬೊಬ್ಬರಿಗೂ ಬಾಟ್ಲಿ ಕೊಟ್ಟು, “ಒಂದು ಹಗಲು, ಒಂದು ರಾತ್ರಿಯದ್ದು ಪೂರ್ತಿ ಬೇಕು. ಎಲ್ಲ ಬಹಳ ಸ್ವಚ್ಛ ಇರಬೇಕು,” ಎಂದಿದ್ದರು. ಬಾಟ್ಲಿಗಳು ದೂರದ ಲ್ಯಾಬಿಗೆ ಹೋಗಿ, ಇವತ್ತು ರಿಸಲ್ಟ್ ಹಿಡಿದು ಡಾಕ್ಟರು ಮತ್ತೆ ಶಾಲೆಗೆ ಬಂದಿದ್ದರು.

ಡಾಕ್ಟರು ಮಧುವನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಏನೋ ಎಡವಟ್ಟಾಗಿದೆ, ರಘುಪತಿ. ಇಷ್ಟೊಂದು ಯಾರಿಗೂ ಬರೋದಿಲ್ಲ,” ಎಂದರು. ಮಧುವಿನ ಎದುರು ಕುಕ್ಕರುಗಾಲಲ್ಲಿ ಕೂತು ಕೇಳಿದರು, “ಏನಪ್ಪಾ, ಬಾಟ್ಲಿ ಹೇಗೆ ತುಂಬಿಸಿದೆ?”

“ಬಾಟ್ಲಿ ಬಾಯಿ ಸಣ್ಣದಿತ್ರಿ. ಅಕ್ಕ ತಂಬಿಗಿ ಕೊಟ್ಲು. ಹುಣಸಿಹಣ್ಣು ಹಚ್ಚಿ, ತಿಕ್ಕಿ ತಿಕ್ಕಿ ಫಳಫಳ ಮಾಡಿದ್ಲು!”

ಬಯಲಿಗೆ ಒಯ್ಯುವ ಹಳೆಯ ಹಿತ್ತಾಳೆ ತಂಬಿಗೆ ಅದು. ಡಾಕ್ಟರು ಸ್ವಚ್ಛ ಅಂದಿದ್ದರಲ್ಲ, ಅದಕ್ಕೇ ಮುರಿಗೆವ್ವ ಕೈ ಉರಿಯುವಷ್ಟು ತಿಕ್ಕಿದ್ದಳು. ಮಧುವಿನದ್ದನ್ನೆಲ್ಲ ಅದರಲ್ಲೇ ಇಟ್ಟು, ಬೆಳಿಗ್ಗೆ ಬಾಟ್ಲಿಗೆ ಸುರಿದಿದ್ದಳು. ಈಗ ಬೈಗುಳ ಬಿತ್ತು ಎಂದುಕೊಂಡು ತಲೆ ತಗ್ಗಿಸಿದಳು.

ಡಾಕ್ಟರು ಹೋ ಎಂದು ನಕ್ಕುಬಿಟ್ಟರು. “ಹಿತ್ತಾಳೆಯಲ್ಲಿ ಏನಿರ್ತದೆ ಗೊತ್ತೇನಮ್ಮಾ? ತಾಮ್ರ ಮತ್ತು ಸತು! ಅದೇ ಉಚ್ಚೆಗೆ ಬಿಟ್ಟುಕೊಂಡಿದೆ. ನಾವು ಅಳೆದದ್ದು ನಿಮ್ಮ ತಂಬಿಗೆಯ ಸತು! ತಪ್ಪು ನಂದು. ಸ್ವಚ್ಛ ಅಂದೆ, ಬೇರೆ ಪಾತ್ರೆ ಮುಟ್ಟಿಸಬೇಡಿ ಅನ್ನಲಿಲ್ಲ.”

ದೊಡ್ಡವರು, ಅದೂ ಡಾಕ್ಟರು, ಎಲ್ಲರೆದುರು ‘ತಪ್ಪು ನಂದು’ ಅನ್ನುವುದನ್ನು ಮುರಿಗೆವ್ವ ಯಾವತ್ತೂ ಕೇಳಿರಲಿಲ್ಲ. ಅವರ ಮೇಲೆ ಅವಳಿಗೆ ಎಲ್ಲಿಲ್ಲದ ಪ್ರೀತಿ ಬಂತು.

ಹೊಸ ಬಾಟ್ಲಿ ಸಿಕ್ಕಿತು. ಭಾನುವಾರ ಇಡೀ ದಿನ ಅದನ್ನು ಹಿಡಿದುಕೊಂಡು ಅವಳು ತಮ್ಮನ ಬೆನ್ನು ಬಿಡಲಿಲ್ಲ. ಗೋಲಿ ಆಡುವಲ್ಲಿಗೂ ಹೋದಳು.

“ಉಚ್ಚಿ ಅಕ್ಕೋರು ಬಂದ್ರಲೇ!” ಎಂದು ಅವಳ ಕ್ಲಾಸಿನ ಸೋಮ ಕೂಗಿದ.

“ಹೌದಪಾ, ಬಂದೇನಿ. ನಿನಗೇನಾತು?” ಎಂದಳು ಮುರಿಗೆವ್ವ. ಸೋಮ ತನ್ನ ಗೋಲಿ ಆಯ್ದುಕೊಂಡು ಆಚೆ ಸರಿದ.

ಕೆಲವು ವಾರಗಳ ಮೇಲೆ ಹೊಸ ರಿಸಲ್ಟ್ ತೆಗೆದುಕೊಂಡು ಡಾಕ್ಟರು ಮನೆಗೇ ಬಂದರು. “ಪಾರ್ವತವ್ವಾ, ನಿಮ್ಮ ಮಗನಿಗೆ ಸತು ಕಡಿಮೆ ಇರುವ ಹಾಗೆ ಕಾಣ್ತದೆ,” ಎಂದರು.

ಅವ್ವನ ಕಣ್ಣು ತುಂಬಿಬಂತು. “ಕಡಿಮಿ ಐತೇನ್ರಿ? ನನ್ನ ಹಾಲಿಂದನs ಹಿಂಗಾತೇನ್ರಿ?”

“ಛೇ, ನಿಮ್ಮ ತಪ್ಪಲ್ಲ ತಾಯಿ. ಔಷಧಿ ಕೊಟ್ಟು ನೋಡೋಣ. ನೀವು ಕಾಳು, ಶೇಂಗಾ ಜಾಸ್ತಿ ತಿನ್ನಿಸಿ.”

ಮುರಿಗೆವ್ವನಿಗೆ ನಗು ತಡೆಯಲಾಗಲಿಲ್ಲ. ಲೆಕ್ಕದಲ್ಲಿ ಮಾರ್ಕು ಕಡಿಮೆ ಬಂದರೆ ಮೂಲೆ ಸೇರಿ ಅಳುವವಳು, ಇವತ್ತು ‘ಕಡಿಮೆ’ ಎಂಬ ಮಾತು ಕೇಳಿ ಕುಣಿಯುವ ಹಾಗಾಗಿದ್ದಳು.

“ಅಳಬ್ಯಾಡಬೇ ಅವ್ವಾ,” ಎಂದಳು. “ಇಷ್ಟು ದಿನ ಏನು ಕಡಿಮಿ ಅಂತ ನಮಗ ಗೊತ್ತs ಇರ್ಲಿಲ್ಲಲ್ಲ.”

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳನ್ನೇ ನೋಡಿದಳು. ಆಮೇಲೆ ಎದ್ದು, ಶೇಂಗಾ ಹುರಿಯಲು ಒಲೆ ಹೊತ್ತಿಸಿದಳು.