ಕಂಪನಿ ಸೈಕಲ್ಲು

ನಿಜಾಮನ ಆಳ್ವಿಕೆ ಕೊನೆಗಾಣಿಸಿದ ಪೊಲೀಸ್ ಆಕ್ಷನ್ ಮುಗಿದು ಮೂರು ವರ್ಷವಾಗಿತ್ತು. ಶಹಾಬಾದದ ಸ್ಟೇಷನ್ ರಸ್ತೆಯಲ್ಲಿ ಸೈಕಲ್ ಅಂಗಡಿಯೆಂದರೆ ರೇವಣಪ್ಪನದೊಂದೇ. ಸುತ್ತಲ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವ ನರ್ಸ್ ಭಾಗಮ್ಮ ಬಾಡಿಗೆ ಸೈಕಲ್ಲಿಗೆ ಅಲ್ಲಿಗೇ ಬರುತ್ತಿದ್ದಳು.

"ನಿನ್ನೆನೂ ಇದೇ ಸೀಟು ಸರಿ ಮಾಡಿದ್ರಿ."

"ನಿನ್ನೆಗಿಂತ ಉದ್ದ ಆಗೀರಿ, ಬಾಯಾರ."

ಅವಳು ಸೆರಗಿನ ತುದಿಯನ್ನು ತುಟಿಗೊತ್ತಿಕೊಂಡು ಕಣ್ಣಲ್ಲೇ ನಗುತ್ತಿದ್ದಳು. ಆ ನಗು ಅವನಿಗೆ ಸಂಜೆಯ ತನಕ ಸಾಕಾಗುತ್ತಿತ್ತು.

ಅವಳು ಸ್ವಂತಕ್ಕೊಂದು ಸೈಕಲ್ ಬೇಕೆಂದಾಗ ಅವನೆಂದ, "ನಿಮ್ಮ ಅಳತಿಗೆ ನಾನೇ ಕಟ್ಟಿಕೊಡ್ತೀನಿ. ಎರಡು ತಿಂಗಳು ತಡೀರಿ."

"ತಡೀತೀನಿ," ಎಂದಳು. ಮಾತು ಸೈಕಲ್ಲಿನದಷ್ಟೇ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮದ್ರಾಸಿನಿಂದ ಬರಬೇಕಿದ್ದ ಫ್ರೇಮು ನಾಲ್ಕು ತಿಂಗಳಾದರೂ ಬರಲಿಲ್ಲ. ಅಷ್ಟರಲ್ಲಿ ಊರೂರಿಗೂ ಶಾಖೆಯಿದ್ದ ಹೈದರಾಬಾದಿನ ದೊಡ್ಡ ಕಂಪನಿಯೊಂದು ಎದುರಿಗೇ ಅಂಗಡಿ ತೆರೆಯಿತು. ಗಾಜಿನ ಕಪಾಟು, ರೇಡಿಯೊ, ಹೊಲಿಗೆ ಮಷೀನು, ಸಾಲಾಗಿ ಸೈಕಲ್ಲು. ಪೆಟ್ಟಿಗೆಯಲ್ಲಿ ಬಂದ ಬಿಡಿಭಾಗಗಳನ್ನು ಅರ್ಧ ತಾಸಿನಲ್ಲಿ ಜೋಡಿಸಿ ಮಾರುತ್ತಿದ್ದರು. ರೇವಣಪ್ಪನ ಗಿರಾಕಿಗಳು ಒಬ್ಬೊಬ್ಬರಾಗಿ ಅತ್ತ ಹೋದರು.

ಒಂದು ಮುಂಜಾನೆ ಭಾಗಮ್ಮನೂ ಅಲ್ಲಿಂದ ಹೊಸ ಲೇಡೀಸ್ ಸೈಕಲ್ ತಳ್ಳಿಕೊಂಡು ನೇರ ಅವನ ಬಳಿಗೆ ಬಂದಳು.

"ಸಿಟ್ಟಾಗಬ್ಯಾಡ್ರಿ. ಮೊನ್ನೆ ನಿಮ್ಮ ಬಾಡಿಗಿ ಸೈಕಲ್ ಒಂದೂ ಇರಲಿಲ್ಲ. ನಾ ನಡಕೋತ ಮುಟ್ಟೋದ್ರಾಗ ಕೂಸು ಹೋಗಿತ್ತು. ಇನ್ನ ತಡಿಯಾಕ ಆಗಲಿಲ್ಲ." ಸೈಕಲ್ಲನ್ನು ಅವನತ್ತ ಸರಿಸಿ ಹೇಳಿದಳು, "ಒಮ್ಮೆ ನೀವು ನೋಡಿಕೊಟ್ರ ನನಗ ಧೈರ್ಯ."

ಮುಂದಿನ ಗಾಲಿಯ ನಟ್ಟು ಸಡಿಲಿತ್ತು. ನೋಡಿದೊಡನೆ ಅವನಿಗೆ ತಿಳಿಯಿತು. ಪಾನಾ ಹಿಡಿದು ಒಂದು ಸುತ್ತು ತಿರುವಿದ್ದರೆ ಸಾಕಿತ್ತು.

"ಕಂಪನಿ ಮಾಲು ಅಲ್ಲೇನ್ರಿ? ಅವ್ರಿಗೇ ತೋರಿಸ್ರಿ," ಎಂದು ಬೆನ್ನು ತಿರುಗಿಸಿದ.

ಅವಳು ಸೈಕಲ್ ತಿರುಗಿಸಿ, ಹತ್ತಿ ಹೊರಟಳು. ಕೂಗಬೇಕೆನಿಸಿತು; ಪಾನಾ ಎತ್ತಿಕೊಂಡು ಬೇರೊಂದು ಸೈಕಲ್ಲಿಗೆ ಕೈಹಚ್ಚಿದ.

ಅಂದೇ ಕಲ್ಲುಗಣಿಯ ಇಳಿಜಾರಿನಲ್ಲಿ ಗಾಲಿ ಕಳಚಿತು. ಅವಳ ಬಲ ಮುಂಗೈ ಎರಡು ಕಡೆ ಮುರಿಯಿತು. ಪ್ಲಾಸ್ಟರ್ ಬಿಚ್ಚಿದಾಗ ಬೆರಳುಗಳು ಮಡಚುತ್ತಿರಲಿಲ್ಲ. ದವಾಖಾನೆಯವರು ಹೆರಿಗೆ ಕೆಲಸ ಬಿಡಿಸಿ ಅವಳನ್ನು ಚೀಟಿ ಕೊಡುವ ಮೇಜಿಗೆ ಕೂರಿಸಿದರು.

ಅಲ್ಲಿಗೇ ಹೋಗಿ ರೇವಣಪ್ಪ ಹೇಳಿದ, "ನಟ್ಟು ಸಡಿಲಿದ್ದದ್ದು ನನಗ ಕಂಡಿತ್ತು, ಭಾಗಮ್ಮ. ಹೊಟ್ಟಿಕಿಚ್ಚಿಗೆ ಸುಮ್ಮನಾದೆ. ನಿಮ್ಮ ಮ್ಯಾಲೆ ಜೀವ ಇಟ್ಟೀನಿ. ಒಪ್ಪಿದ್ರ ಮದಿವಿ ಆಗ್ತೀನಿ."

ಅವಳು ಎಡಗೈಯಿಂದ ಚೀಟಿಗಳ ಕಟ್ಟನ್ನು ಪಕ್ಕಕ್ಕೆ ಸರಿಸಿದಳು.

"ಕಂಡಿರಲಿಲ್ಲ ಅಂದಿದ್ರ ಒಪ್ಪತಿದ್ದೆ."

"ಸುಳ್ಳು ಹೇಳಾಕ ಮನಸಾಗಲಿಲ್ಲ."

"ಗೊತ್ತದ. ಅದಕ್ಕೇ ನಿಮ್ಮನ್ನ ಭಾಳ ಹಚ್ಚಿಕೊಂಡಿದ್ದೆ."

ಆಗ ಬಾಗಿಲಲ್ಲಿ ಒಬ್ಬಾತ ಏದುಸಿರು ಬಿಡುತ್ತ ನಿಂತ. "ಬಾಯಾರ, ಮನ್ಯಾಗ ಹೆರಿಗಿ ಬ್ಯಾನಿ ಸುರುವಾಗ್ಯಾವ. ಜಲ್ದಿ ಬರ್ರಿ."

ಭಾಗಮ್ಮ ತಟ್ಟನೆ ಎದ್ದಳು. ಎದ್ದವಳು ತನ್ನ ಬಲಗೈ ನೋಡಿಕೊಂಡು ಮೆಲ್ಲಗೆ ಮತ್ತೆ ಕುಳಿತಳು.

"ಬ್ಯಾರೆಯವ್ರನ್ನ ಕರೀರಿ, ಅಣ್ಣ," ಎಂದಳು. ರೇವಣಪ್ಪನ ಕಡೆ ಮತ್ತೆ ತಿರುಗಿ ನೋಡಲಿಲ್ಲ.